ಹೆಲಿಕಾಪ್ಟರಿನ ಸಾಮರ್ಥ್ಯದ ಲೆಕ್ಕ

2009ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಕೃಷ್ಣೆ ತುಂಗಭದ್ರೆಗಳು ಉಕ್ಕಿ ಹರಿದಾಗ, ಆ ಎರಡು ನದಿಗಳ ನಡುವಣ ನಮ್ಮ ಸೀಮೆಯ ಜನರು ಹೆಲಿಕಾಪ್ಟರುಗಳನ್ನು ಬಹಳ ಆಸೆಯಿಂದ ನೋಡಿದರು. ದಾರಿಗಳು ಮುಚ್ಚಿಹೋಗಿದ್ದ ಊರುಗಳಿಗೆ ಆಹಾರದ ಪೊಟ್ಟಣಗಳು ಆಕಾಶಮಾರ್ಗದಿಂದಲೇ ಬರಬೇಕಾಯಿತು. ಓಡುದಾರಿಯ ಹಂಗಿಲ್ಲದೆ ಏರಬಲ್ಲ, ಇಳಿಯಬಲ್ಲ, ಗಾಳಿಯಲ್ಲಿ ನಿಂತಲ್ಲಿಯೇ ನಿಲ್ಲಬಲ್ಲ ಈ ಯಂತ್ರಕ್ಕೆ ಅಸಾಧ್ಯವಾದುದೇ ಇಲ್ಲವೆಂಬ ಭಾವನೆ ಜನರಲ್ಲಿ ಉಂಟಾಗುವುದು ಸಹಜ. ಆದರೆ ಅದಕ್ಕೂ ಮಿತಿಯುಂಟು. ಆ ಮಿತಿಯನ್ನು ಮೊದಲೇ ಅಂಕಿಗಳಲ್ಲಿ ಅರಿಯುವ ಬಗೆ ಹೇಗೆಂಬುದನ್ನೂ, ನಾಗರಿಕ ಚಾಲಕನಿಗೆ ಅದರಿಂದಾಗುವ ಪ್ರಯೋಜನವೇನೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗುವುದು.

ಹೆಲಿಕಾಪ್ಟರಿನ ಮೇಲಿನ ತಿರುಗುರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಅದರ ಪ್ರತಿಕ್ರಿಯೆಯಿಂದ ಯಂತ್ರವು ಮೇಲೇಳುತ್ತದೆ. ಗಾಳಿ ಸಾಂದ್ರವಾಗಿದ್ದರೆ ಹಿಡಿತ ಹೆಚ್ಚು, ತೆಳುವಾಗಿದ್ದರೆ ಕಡಿಮೆ. ಎಂಜಿನಿಗೂ ಉರಿಯಲು ಗಾಳಿಯೇ ಬೇಕಾದುದರಿಂದ, ತೆಳುವಾದ ಗಾಳಿಯಲ್ಲಿ ಅದರ ಶಕ್ತಿಯೂ ಕುಗ್ಗುವುದು. ಗಾಳಿಯನ್ನು ತೆಳುವಾಗಿಸುವ ಕಾರಣಗಳು ಮುಖ್ಯವಾಗಿ ಎರಡು: ನೆಲದ ಎತ್ತರ ಮತ್ತು ಬಿಸಿಲಿನ ತಾಪ.

ಇದನ್ನು ಅಳೆಯಲು ವಿಮಾನಶಾಸ್ತ್ರಜ್ಞರು ಒಂದು ಪ್ರಮಾಣ ವಾಯುಮಂಡಲವನ್ನು ಕಲ್ಪಿಸಿಕೊಂಡಿದ್ದಾರೆ. ಅದರಂತೆ ಸಮುದ್ರಮಟ್ಟದಲ್ಲಿ ಉಷ್ಣತೆ 15 ಡಿಗ್ರಿ ಸೆಂಟಿಗ್ರೇಡ್; ಪ್ರತಿ 1000 ಅಡಿ ಏರಿದಂತೆ ಸುಮಾರು 2 ಡಿಗ್ರಿ ಇಳಿಯುವುದು. ವಾಸ್ತವವಾದ ಉಷ್ಣತೆಯು ಈ ಪ್ರಮಾಣಕ್ಕಿಂತ ಹೆಚ್ಚಾದ ಪ್ರತಿಯೊಂದು ಡಿಗ್ರಿಗೂ, ಯಂತ್ರವು ಸುಮಾರು 120 ಅಡಿ ಹೆಚ್ಚು ಎತ್ತರದಲ್ಲಿರುವಂತೆ ವರ್ತಿಸುತ್ತದೆ. ನಮ್ಮ ಧರೂರಿನ ಸಮೀಪದ ಜೂರಾಲಾ ಜಲಾಶಯದ ಪೂರ್ಣ ನೀರಿನ ಮಟ್ಟ 1045 ಅಡಿ. ಈ ಸೀಮೆಯನ್ನು ಲೆಕ್ಕಕ್ಕಾಗಿ 1000 ಅಡಿ ಎತ್ತರವೆಂದು ಹಿಡಿಯೋಣ. ಅಲ್ಲಿಯ ಪ್ರಮಾಣ ಉಷ್ಣತೆ 13 ಡಿಗ್ರಿ. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿದ್ದರೆ ವ್ಯತ್ಯಾಸ 29 ಡಿಗ್ರಿ. ಅದನ್ನು 120ರಿಂದ ಗುಣಿಸಿದರೆ 3480 ಅಡಿ. ಅಂದರೆ ನೆಲದ ಮೇಲೆಯೇ ನಿಂತಿರುವ ಯಂತ್ರವು ಸುಮಾರು 4500 ಅಡಿಯ ಬೆಟ್ಟದ ಮೇಲಿರುವಂತಾಯಿತು.

ಇನ್ನು ಕೇದಾರನಾಥವನ್ನು ನೋಡಿರಿ. ನಮ್ಮ ಕಡೆಯ ಯಾತ್ರಿಕರೂ ಅಲ್ಲಿಗೆ ನಾಗರಿಕ ಹೆಲಿಕಾಪ್ಟರುಗಳಲ್ಲಿ ಹೋಗಿಬರುವುದುಂಟು. ಆ ಕ್ಷೇತ್ರದ ಎತ್ತರ ಸುಮಾರು 11,700 ಅಡಿ. ಬಿಸಿಲೇರಿ 15 ಡಿಗ್ರಿಯಾದ ದಿನ ಅಲ್ಲಿಯ ಗಾಳಿ 14,500 ಅಡಿಯ ಗಾಳಿಯಷ್ಟು ತೆಳುವಾಗುವುದು. ಸಮುದ್ರಮಟ್ಟದ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಒಂದೇ ಜೋಡಿ ಎತ್ತುಗಳು ಗಟ್ಟಿ ರಸ್ತೆಯಲ್ಲಿ ಎಳೆದ ಹೇರನ್ನು ಮಳೆಗಾಲದ ಎರೆಹೊಲದಲ್ಲಿ ಎಳೆಯಲಾರವು. ಹೆಲಿಕಾಪ್ಟರಿನ ಸ್ಥಿತಿಯೂ ಅಂಥದೇ.

ಆದುದರಿಂದ ಪ್ರತಿಯೊಂದು ಹೆಲಿಕಾಪ್ಟರಿನೊಡನೆಯೂ ಅಧಿಕೃತವಾದ ಹಾರಾಟದ ಕೈಪಿಡಿಯೊಂದು ಇರುವುದು. ಪರೀಕ್ಷಾ ಚಾಲಕರು ಹಾರಿಸಿ ಕಂಡುಕೊಂಡ ಫಲಿತಾಂಶಗಳ ಆಧಾರದಿಂದ ಇಷ್ಟು ಎತ್ತರದಲ್ಲಿ, ಇಷ್ಟು ತಾಪದಲ್ಲಿ, ಇಷ್ಟು ತೂಕವನ್ನು ಎತ್ತಬಹುದೆಂಬ ನಕ್ಷೆಗಳನ್ನು ಅದರಲ್ಲಿ ಕೊಟ್ಟಿರುತ್ತಾರೆ. ನೆಲದ ಸಮೀಪದಲ್ಲಿ ತೇಲುವುದಕ್ಕೆ ಒಂದು ನಕ್ಷೆ, ನೆಲದಿಂದ ದೂರದಲ್ಲಿ ತೇಲುವುದಕ್ಕೆ ಇನ್ನೊಂದು. ನೆಲದ ಹತ್ತಿರ ಕೆಳಕ್ಕೆ ತಳ್ಳಿದ ಗಾಳಿಗೆ ನೆಲವು ಅಡ್ಡವಾಗುವುದರಿಂದ ಯಂತ್ರಕ್ಕೆ ಕಡಿಮೆ ಶಕ್ತಿ ಸಾಕು. ಎತ್ತರದಲ್ಲಿ ಆ ಅನುಕೂಲವಿಲ್ಲ. ಮನೆಯ ಮಾಳಿಗೆಯ ಮೇಲೆ ಬಹು ಎತ್ತರದಲ್ಲಿ ನಿಂತು, ಹಗ್ಗದಿಂದ ಜನರನ್ನು ಎತ್ತುವ ಚಾಲಕನು ಎರಡನೆಯ ನಕ್ಷೆಯನ್ನೇ ನೋಡತಕ್ಕದ್ದು. ಮೊದಲನೆಯದನ್ನು ನಂಬಿ ಹೊರಟರೆ ಪ್ರಾಣಾಪಾಯವುಂಟು.

ಲೆಕ್ಕ ತಿಳಿಯಲೆಂದು ಒಂದು ಯಂತ್ರವನ್ನು ಊಹಿಸಿಕೊಳ್ಳೋಣ. ಅದರ ಬರಿಯ ತೂಕ 1200 ಕಿಲೋ. ಗರಿಷ್ಠ ತೂಕ 2250 ಕಿಲೋ. ಚಾಲಕನಲ್ಲದೆ ಆರು ಆಸನಗಳು. ಇಂದಿನ ತಾಪಕ್ಕೂ ಎತ್ತರಕ್ಕೂ ನಕ್ಷೆಯು 2000 ಕಿಲೋ ಮಾತ್ರ ಅನುಮತಿಸುತ್ತದೆ. ಯಂತ್ರದ 1200, ಚಾಲಕನ 80, ಇಂಧನದ 250 ಕಿಲೋಗಳನ್ನು ಕಳೆದರೆ ಉಳಿಯುವುದು 470. ತಲೆಗೆ 80ರಂತೆ ಆರು ಜನರಿಗೆ 480 ಬೇಕು. ಆಸನವು ಬರಿದಾಗಿದ್ದರೂ ಒಬ್ಬರು ಇಳಿಯಲೇಬೇಕು. ಇಂಧನವನ್ನು ಕಡಿಮೆ ಮಾಡಬಹುದೆಂದರೆ, ಮರಳುವ ದಾರಿಗೂ ಮೀಸಲಿಗೂ ಅದು ಸಾಕೇ ಎಂಬ ಪ್ರಶ್ನೆ ಎದುರಾಗುವುದು.

ಮಾರಾಟದ ಕರಪತ್ರಗಳಲ್ಲಿ ಅಚ್ಚಾಗುವ ಅತಿ ಹೆಚ್ಚಿನ ವೇಗ, ದೂರ, ಭಾರಗಳು ಏಕಕಾಲದಲ್ಲಿ ದೊರೆಯತಕ್ಕವಲ್ಲ. ದಾಖಲೆಗಳ ವಿಷಯವೂ ಹಾಗೆಯೇ. 1972ರ ಜೂನ್ 21ರಂದು ಫ್ರಾನ್ಸಿನ ಝಾನ್ ಬುಲೆ ಎಂಬ ಚಾಲಕರು ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಚೀತಾ ಎಂಬ ಹೆಸರಿನಿಂದ ನಿರ್ಮಿಸಿದುದು ಈ ಲಾಮಾವನ್ನೇ. ಆದರೆ ಬುಲೆಯವರು ಏರಿದುದು ಅನಾವಶ್ಯಕವಾದುದನ್ನೆಲ್ಲ ಕಿತ್ತು ಹಗುರಮಾಡಿದ ಯಂತ್ರದಲ್ಲಿ, ಒಬ್ಬರೇ. ಯಾತ್ರಿಕರನ್ನೋ ರೋಗಿಯನ್ನೋ ಹೊತ್ತ ಚಾಲಕನಿಗೆ ಆ ಅಂಕಿಯಿಂದ ಪ್ರಯೋಜನವಿಲ್ಲ.

ಆ ಹಾರಾಟದಲ್ಲಿ ಎಂಜಿನು ನಿಂತುಹೋಯಿತು. ಬುಲೆಯವರು ಎದೆಗೆಡಲಿಲ್ಲ. ಕೆಳಗಿಳಿಯುವಾಗ ಕೆಳಗಿನಿಂದ ಬರುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುವ ಕ್ರಮದಿಂದ ಯಂತ್ರವನ್ನು ಸುರಕ್ಷಿತವಾಗಿ ನೆಲಕ್ಕೆ ತಂದರು. ಹೀಗೆ ಇಳಿಯಲು ಸಾಕಷ್ಟು ಎತ್ತರವಾಗಲಿ ಮುನ್ನಡೆಯ ವೇಗವಾಗಲಿ ಬೇಕು. ಎರಡೂ ಇಲ್ಲದ ಅಪಾಯದ ವಲಯವನ್ನು ಕೈಪಿಡಿಯ ಎತ್ತರ-ವೇಗದ ನಕ್ಷೆಯು ತೋರಿಸಿಕೊಡುತ್ತದೆ. ಕಾರಣವಿಲ್ಲದೆ ಅಲ್ಲಿ ನಿಲ್ಲದಿರುವುದು ಚಾಲಕನ ವಿವೇಕ.

ಕೈಪಿಡಿಯ ಅಂಕಿಗಳನ್ನೂ ಕಟ್ಟಕಡೆಯ ಗ್ರಾಮಿನವರೆಗೆ ಬಳಸಿಕೊಳ್ಳುವುದು ಜಾಣತನವಲ್ಲ. ಯಂತ್ರವು ಸವೆದಿರಬಹುದು, ಬೆನ್ನ ಹಿಂದಿನಿಂದ ಗಾಳಿ ಬೀಸಬಹುದು, ತೂಕದ ಅಂದಾಜು ತಪ್ಪಿರಬಹುದು. ಬಲ್ಲ ಚಾಲಕನು ಸ್ವಲ್ಪ ಶಕ್ತಿಯನ್ನು ಯಾವಾಗಲೂ ಮಿಗಿಸಿಕೊಂಡಿರುವನು. ಹಣ ತೆತ್ತ ಪ್ರಯಾಣಿಕರು ಅವಸರಪಡಿಸುವರು. ಹಿರಿಯ ಅಧಿಕಾರಿಗಳು ಒತ್ತಾಯಿಸುವರು. ಆಗ ಅವನ ಬೆಂಬಲಕ್ಕೆ ನಿಲ್ಲುವುದು ಆ ನಕ್ಷೆಯೇ. “ನನಗೆ ಮನಸ್ಸಿಲ್ಲ” ಎಂಬ ಮಾತನ್ನು ಯಾರೂ ಕೇಳರು. “ಲೆಕ್ಕ ಒಪ್ಪುವುದಿಲ್ಲ” ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

ನಮ್ಮ ವಿದ್ಯಾರ್ಥಿಗಳು ಗಣಿತದ ತರಗತಿಯಲ್ಲಿ ಬರೆಯುವ ನಕ್ಷೆಗಳೂ, ಮಾಡುವ ಕೂಡು-ಕಳೆ-ಗುಣಿಸುಗಳೂ ಪರೀಕ್ಷೆಗಾಗಿ ಮಾತ್ರವಲ್ಲವೆಂಬುದು ಇದರಿಂದ ವಿದಿತವಾದೀತು. 2016ರಲ್ಲಿ ಬೆಂಗಳೂರಿನಲ್ಲಿ ಹಗುರ ಹೆಲಿಕಾಪ್ಟರೊಂದು ಮೊದಲ ಬಾರಿಗೆ ಹಾರಿತು; 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಆರಂಭವಾಯಿತು. ಅವುಗಳನ್ನು ಕಟ್ಟುವವರೂ ನಡೆಸುವವರೂ ನಮ್ಮ ಶಾಲೆಗಳಿಂದ ಏಕೆ ಹೋಗಬಾರದು? ಹೋಗುವವರು ಹತ್ತು ಕಿಲೋ ಹೆಚ್ಚಾದರೆ ಒಬ್ಬರನ್ನು ಇಳಿಸುವ ಧೈರ್ಯವನ್ನೂ ಲೆಕ್ಕದೊಡನೆ ಕಲಿತಿರಬೇಕು.