ನೆಬ್ಬಿಯೊಲೊ: ಒಂದು ದ್ರಾಕ್ಷಿಯ ಒಗಟು

ಇಟಲಿಯ ವಾಯವ್ಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಬುಡಕ್ಕೆ ಪಿಯೆಮೊಂತೆ ಎಂಬ ಪ್ರಾಂತವಿದೆ. ಅಲ್ಲಿನ ಲಾಂಗೆ ಗುಡ್ಡಗಳಲ್ಲಿ, ಆಲ್ಬಾ ಪಟ್ಟಣಕ್ಕೆ ನೈಋತ್ಯದಲ್ಲಿರುವ 11 ಗ್ರಾಮಗಳ ಎಲ್ಲೆಯೊಳಗೆ ‘ಬರೊಲೊ’ ಎಂಬ ಕೆಂಪು ದ್ರಾಕ್ಷಾಮದ್ಯ ತಯಾರಾಗುತ್ತದೆ. ಅದಕ್ಕೆ ನೆಬ್ಬಿಯೊಲೊ ಎಂಬ ಒಂದೇ ತಳಿಯ ದ್ರಾಕ್ಷಿಯನ್ನು ಬಳಸಬೇಕೆಂಬುದು ಕಾನೂನು. ಪಾನದ ಗುಣದೋಷಗಳ ವಿಚಾರ ಇಲ್ಲಿ ನಮಗೆ ಬೇಡ. ಆದರೆ ಈ ಹಣ್ಣು ವಿಜ್ಞಾನದ ವಿದ್ಯಾರ್ಥಿಗೆ ಒಂದು ಸೊಗಸಾದ ಒಗಟನ್ನೊಡ್ಡುತ್ತದೆ.

ಸಾಮಾನ್ಯವಾಗಿ ಗಾಢವರ್ಣದ ದ್ರಾಕ್ಷಾಮದ್ಯ ಹೆಚ್ಚು ಒಗರು, ತಿಳಿವರ್ಣದ್ದು ಕಡಮೆ ಒಗರು. ಬರೊಲೊ ಹಾಗಲ್ಲ. ಗಾಜಿನ ಲೋಟದಲ್ಲಿ ಅದನ್ನು ಬೆಳಕಿಗೆ ಹಿಡಿದರೆ ತಿಳಿಗೆಂಪಾಗಿ ಕಾಣುತ್ತದೆ. ವರ್ಷಗಳು ಕಳೆದಂತೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಒಗರು ಮಾತ್ರ ಅತಿ ತೀವ್ರ. ಇದೇಕೆ ಹೀಗೆ?

ಬಣ್ಣ ಬೇರೆ, ಒಗರು ಬೇರೆ

ದ್ರಾಕ್ಷಿಯ ತಿರುಳಿನ ರಸಕ್ಕೆ ಬಹುಮಟ್ಟಿಗೆ ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ರಸವು ಹುದುಗುವಾಗ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಒಡೆಯುತ್ತದೆ. ಸಮೀಕರಣದ ಪ್ರಕಾರ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಆಲ್ಕೊಹಾಲೂ 88 ಗ್ರಾಂ ಅನಿಲವೂ ದೊರೆಯಬೇಕು. ಸಿಪ್ಪೆ ಬೀಜಗಳೂ ರಸದೊಡನೆಯೇ ನೆನೆಯುವುದರಿಂದ, ಅವುಗಳಲ್ಲಿನ ಎರಡು ಬಗೆಯ ವಸ್ತುಗಳು ಅದರಲ್ಲಿ ಕರಗಿ ಸೇರುತ್ತವೆ.

ಮೊದಲನೆಯವು ಆಂಥೊಸಯನಿನ್ ಎಂಬ ವರ್ಣದ್ರವ್ಯಗಳು. ನಮ್ಮ ದಾಸವಾಳದ ಕೆಂಪಿಗೂ ಇವೇ ಕಾರಣ. ಆ ಹೂವಿನ ಎಸಳನ್ನು ಬಿಸಿನೀರಿನಲ್ಲಿ ನೆನೆಯಿಸಿ, ಒಂದಿಷ್ಟಕ್ಕೆ ನಿಂಬೆರಸವನ್ನೂ ಮತ್ತೊಂದಿಷ್ಟಕ್ಕೆ ಅಡಿಗೆ ಸೋಡವನ್ನೂ ಬೆರೆಸಿ ನೋಡಿ. ಮೊದಲನೆಯದು ಕೆಂಪೇರುತ್ತದೆ, ಎರಡನೆಯದು ಹಸಿರಾಗುತ್ತದೆ. ದ್ರಾಕ್ಷಾಮದ್ಯ ಆಮ್ಲೀಯವಾದುದರಿಂದಲೇ ಅದರಲ್ಲಿ ಈ ದ್ರವ್ಯಗಳು ಕೆಂಪಾಗಿ ತೋರುತ್ತವೆ.

ಎರಡನೆಯವು ಟ್ಯಾನಿನ್‌ಗಳು. ಅಡಕೆಯನ್ನು ಅಗಿದಾಗ ಬಾಯಿ ಒಣಗಿದಂತಾಗುವುದು ಇವುಗಳಿಂದ. ಟ್ಯಾನಿನ್ ಲಾಲಾರಸದ ಪ್ರೋಟೀನುಗಳನ್ನು ಹಿಡಿದು ಒತ್ತರಿಸುತ್ತದೆ. ಬಾಯೊಳಗಿನ ಜಾರಿಕೆ ತಗ್ಗಿ ಘರ್ಷಣೆ ಹೆಚ್ಚುತ್ತದೆ. ಆದುದರಿಂದ ಒಗರೆಂಬುದು ರುಚಿಗಿಂತ ಹೆಚ್ಚಾಗಿ ಸ್ಪರ್ಶದ ಅನುಭವ.

ಇನ್ನು ಒಗಟು ಸುಲಭವಾಗಿ ಬಿಡುತ್ತದೆ. ನೆಬ್ಬಿಯೊಲೊದಲ್ಲಿ ಟ್ಯಾನಿನ್ ಹೇರಳ, ವರ್ಣದ್ರವ್ಯ ಕಡಮೆ. ಅಲ್ಲದೆ, ಅನೇಕ ಕಪ್ಪು ದ್ರಾಕ್ಷಿಗಳಲ್ಲಿ ಹೆಚ್ಚಾಗಿರುವ ಮಾಲ್ವಿಡಿನ್ ಬಗೆಯ ವರ್ಣದ್ರವ್ಯ ಬಹುಕಾಲ ಬಾಳುವಂಥದು; ನೆಬ್ಬಿಯೊಲೊದಲ್ಲಿ ಪಿಯೊನಿಡಿನ್, ಸಯನಿಡಿನ್ ಬಗೆಯವು ಮೇಲುಗೈ ಪಡೆದಿವೆ. ಇವು ಆಮ್ಲಜನಕಕ್ಕೆ ಬೇಗ ಬಲಿಯಾಗುತ್ತವೆ. ಹೀಗೆ ಬಣ್ಣ ಕರಗಿಹೋಗಿ ಒಗರು ಉಳಿಯುತ್ತದೆ. ಆ ಒಗರು ಇಳಿಯಲು ಕಾಲವೇ ಬೇಕು. ಬರೊಲೊವನ್ನು 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಗಳಲ್ಲಿ ಇಡಬೇಕೆಂಬ ನಿಯಮದ ಹಿಂದೆ ಈ ಅನುಭವವಿದೆ. ಮರದ ಮೂಲಕ ನುಸುಳುವ ಅಲ್ಪ ಆಮ್ಲಜನಕದ ನೆರವಿನಿಂದ ಟ್ಯಾನಿನ್ನೂ ವರ್ಣದ್ರವ್ಯವೂ ಕೂಡಿ ಹೊಸ ಅಣುಗಳಾಗುತ್ತವೆ, ಒಗರು ಮೃದುವಾಗುತ್ತದೆ.

ಇಳಿಜಾರಿನ ಲೆಕ್ಕ

ಈ ಬಳ್ಳಿ ವಸಂತದಲ್ಲಿ ಬೇಗನೆ ಚಿಗುರುತ್ತದೆ. ಹಣ್ಣು ಮಾತ್ರ ತಡವಾಗಿ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಮಾಗುತ್ತದೆ. ಆಗ ಕಣಿವೆಗಳಲ್ಲಿ ಮಂಜು ತುಂಬಿರುತ್ತದೆ. ಇಟಾಲಿಯನ್ ಭಾಷೆಯಲ್ಲಿ ಮಂಜಿಗೆ ‘ನೆಬ್ಬಿಯಾ’ ಎನ್ನುವರು. ಹಣ್ಣಿನ ಹೆಸರು ಅದರಿಂದಲೇ ಬಂದಿತೆಂದು ಹಲವರ ಅಭಿಪ್ರಾಯ. ರಾತ್ರಿಯ ತಣ್ಣನೆಯ ಗಾಳಿ ಭಾರವಾದುದರಿಂದ ಕಣಿವೆಗಿಳಿದು ನಿಲ್ಲುತ್ತದೆ. ಚಿಗುರನ್ನು ಹಿಮದಿಂದ ಉಳಿಸಬೇಕಾದರೆ ಬಳ್ಳಿಯನ್ನು ಗುಡ್ಡದ ಮೇಲೇರಿಸಬೇಕು.

ಯಾವ ಇಳಿಜಾರು ಒಳ್ಳೆಯದು? ಬರೊಲೊದ ಅಕ್ಷಾಂಶ ಸುಮಾರು 44.6° ಉತ್ತರ. ಅಕ್ಟೋಬರ್ ನಡುವೆ ಅಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 37°. ಸಮತಟ್ಟು ನೆಲಕ್ಕೆ ಬೀಳುವ ನೇರ ಬಿಸಿಲು 37°ಯ ಸೈನಿಗೆ, ಅಂದರೆ 0.60ಕ್ಕೆ ಅನುಪಾತದಲ್ಲಿರುತ್ತದೆ. ದಕ್ಷಿಣಕ್ಕೆ 20° ಬಾಗಿದ ನೆಲಕ್ಕಾದರೆ 57°ಯ ಸೈನ್, ಅಂದರೆ 0.84. ಲಾಭ ಶೇಕಡಾ 40! ಉತ್ತರಕ್ಕೆ ಅಷ್ಟೇ ಬಾಗಿದ ನೆಲಕ್ಕೆ 17°ಯ ಸೈನ್, ಕೇವಲ 0.29. ಮೊದಲು ಹಿಮ ಕರಗುವ ಕಡೆ ನೆಬ್ಬಿಯೊಲೊ ನೆಡಬೇಕೆಂಬ ಅಲ್ಲಿನ ರೈತರ ವಾಡಿಕೆಯಲ್ಲಿ ಇದೇ ತ್ರಿಕೋನಮಿತಿ ಅಡಗಿದೆ.

ಬರೊಲೊ ಎಂಬ ಹೆಸರಿಗೆ 1966ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. 1980ರಲ್ಲಿ ಅದು ಅತ್ಯುನ್ನತ ದರ್ಜೆಗೇರಿತು. 2014ರಲ್ಲಿ ಯುನೆಸ್ಕೊ ಸಂಸ್ಥೆಯು ಲಾಂಗೆ ಪ್ರದೇಶದ ದ್ರಾಕ್ಷಿತೋಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹವಾಮಾನ ಯಾವ ಪಟ್ಟಿಗೂ ಬದ್ಧವಲ್ಲ. ಭೂಮಿ ಬೆಚ್ಚಗಾದಂತೆ ಹಣ್ಣು ಬೇಗ ಮಾಗುತ್ತದೆ, ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಿಸಿಲಿಗಾಗಿ ಅರಸಿದ ದಕ್ಷಿಣದ ಇಳಿಜಾರೇ ಕಡುಬೇಸಿಗೆಯಲ್ಲಿ ಹಣ್ಣನ್ನು ಬಾಡಿಸಬಲ್ಲುದು. ತಲೆಮಾರುಗಳ ಹಿಂದೆ ಹಾಕಿದ ಲೆಕ್ಕವನ್ನು ಅಲ್ಲಿನ ಬೆಳೆಗಾರರು ಈಗ ಮತ್ತೆ ಹಾಕಬೇಕಾಗಿದೆ.