ನೇರ ಉಷ್ಣಮುದ್ರಣದ ಲೇಬಲುಗಳು: ಆಯ್ಕೆ ಮತ್ತು ಬಳಕೆ

ಅಂಚೆಯಲ್ಲಿಯೋ ಕೊರಿಯರಿನಲ್ಲಿಯೋ ಮನೆಗೆ ಬಂದ ಪಾರ್ಸೆಲೊಂದರ ಮೇಲಣ ಬಿಳಿಯ ಲೇಬಲನ್ನು ತೆಗೆದುಕೊಂಡು, ಅದರಲ್ಲಿ ಬರಹವಿಲ್ಲದ ಕಡೆ ಉಗುರಿನಿಂದ ಬಿರುಸಾಗಿ ಒಮ್ಮೆ ಗೀರಿದರೆ, ಸಾಮಾನ್ಯವಾಗಿ ಅಲ್ಲಿ ಬೂದುಬಣ್ಣದ ಗೆರೆಯೊಂದು ಮೂಡುತ್ತದೆ. ಉಗುರಿನಲ್ಲಿ ಮಸಿ ಇರಲಿಲ್ಲ. ಗೀರಿದಾಗ ಹುಟ್ಟಿದ ಕಾವೇ ಆ ಗೆರೆಯನ್ನು ಬರೆಯಿತು. ಹೀಗೆ ಮಸಿಯೂ ರಿಬ್ಬನ್ನೂ ಇಲ್ಲದೆ, ಕಾಗದವನ್ನೇ ಕಾಯಿಸಿ ಅಕ್ಷರ ಮೂಡಿಸುವ ಪದ್ಧತಿಗೆ ನೇರ ಉಷ್ಣಮುದ್ರಣವೆಂದು ಹೆಸರು. ಬೆಂಗಳೂರಿನ ಸುತ್ತ ನೆಲಮಂಗಲ, ಹೊಸಕೋಟೆಗಳಲ್ಲಿ ಎದ್ದಿರುವ ದೊಡ್ಡ ಗೋದಾಮುಗಳಿಂದ ಹೊರಡುವ ಪಾರ್ಸೆಲುಗಳಲ್ಲಿ ಬಹುಪಾಲು ಇಂತಹ ಲೇಬಲನ್ನೇ ಹೊತ್ತು ಹೋಗುತ್ತವೆ. ಅಗ್ಗದ ಯಂತ್ರ, ಕೊಳ್ಳಬೇಕಾದ ಸಾಮಗ್ರಿ ಒಂದೇ, ಕೆಲಸ ಶೀಘ್ರ.

ಇಷ್ಟು ಸರಳವಾದ ವಸ್ತುವನ್ನು ಕುರಿತು ಸಂಶೋಧನ ಪತ್ರಿಕೆಯಲ್ಲಿ ಬರೆಯಬೇಕೆ ಎಂದು ವಾಚಕರು ಕೇಳಬಹುದು. ಈಚೆಗೆ ಕಾಲೇಜುಗಳ ಪ್ರಯೋಗಶಾಲೆಗಳಿಗೂ ಪುಸ್ತಕ ಭಂಡಾರಗಳಿಗೂ ಇದೇ ಯಂತ್ರಗಳು ಬಂದಿವೆ. ಅವುಗಳನ್ನು ಕೊಳ್ಳುವವರು ಬೆಲೆಯನ್ನು ವಿಚಾರಿಸುತ್ತಾರೆ, ವೇಗವನ್ನು ವಿಚಾರಿಸುತ್ತಾರೆ. ಈ ಬರಹ ಎಷ್ಟು ದಿನ ಬಾಳಬೇಕು, ಎಂತಹ ಕಾವಿನಲ್ಲಿ ಬಾಳಬೇಕು ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅದಕ್ಕೆ ಕಾರಣ ಕಾಗದದ ರಸಾಯನದಲ್ಲಿದೆ.

ಈ ಕಾಗದದ ಮೇಲೆ ಬಹು ತೆಳುವಾದ ಲೇಪವೊಂದಿರುತ್ತದೆ. ಅದರಲ್ಲಿ ಲ್ಯೂಕೋ ವರ್ಣದ್ರವ್ಯವೆಂಬ ಬಣ್ಣವಿಲ್ಲದ ವಸ್ತುವಿನ ಕಣಗಳೂ, ವ್ಯವಹಾರದಲ್ಲಿ ಡೆವಲಪರ್ ಎಂದು ಕರೆಯುವ ದುರ್ಬಲ ಆಮ್ಲವೊಂದರ ಕಣಗಳೂ ಒಂದನ್ನೊಂದು ಕೂಡದೆ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ವರ್ಣದ್ರವ್ಯದ ಅಣುವಿನಲ್ಲಿ ಲ್ಯಾಕ್ಟೋನ್ ಎಂಬ ಉಂಗುರವುಂಟು. ಉಂಗುರ ಮುಚ್ಚಿರುವವರೆಗೆ ಅಣುವಿಗೆ ಬಣ್ಣವಿಲ್ಲ. ಆಮ್ಲದ ಸಂಪರ್ಕವಾದೊಡನೆ ಉಂಗುರ ಬಿಚ್ಚಿಕೊಳ್ಳುತ್ತದೆ. ಎಲೆಕ್ಟ್ರಾನುಗಳು ಅಣುವಿನ ಉದ್ದಗಲಕ್ಕೂ ಹರಡಿಕೊಂಡು ಬೆಳಕನ್ನು ಹೀರತೊಡಗುತ್ತವೆ. ನಮ್ಮ ಕಣ್ಣಿಗೆ ಕಪ್ಪು ಕಾಣುತ್ತದೆ. ಬಹುಕಾಲ ಡೆವಲಪರಾಗಿ ಬಳಕೆಯಲ್ಲಿದ್ದ ಬಿಸ್‌ಫೀನಾಲ್ ಎ ತಾನಾಗಿ ಕರಗಬೇಕಾದರೆ ಸುಮಾರು ೧೫೮ ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟು ಕಾವನ್ನು ಕ್ಷಣಮಾತ್ರದಲ್ಲಿ ಒದಗಿಸುವುದು ಕಷ್ಟವಾದ್ದರಿಂದ, ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುವ ಮೂರನೆಯ ವಸ್ತುವೊಂದನ್ನು ಲೇಪಕ್ಕೆ ಸೇರಿಸುತ್ತಾರೆ. ಅದು ಮೊದಲು ಕರಗಿ, ಉಳಿದೆರಡನ್ನೂ ತನ್ನೊಳಗೆ ಕರಗಿಸಿಕೊಂಡು, ಅವನ್ನು ಕೂಡಿಸುತ್ತದೆ.

ಈ ರಸಾಯನ ಲೇಬಲಿಗಾಗಿ ಹುಟ್ಟಿದ್ದಲ್ಲ. ೧೯೫೦ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಸಂಸ್ಥೆ ಕಾರ್ಬನ್ ಹಾಳೆಯಿಲ್ಲದೆ ನಕಲು ತೆಗೆಯುವ ಕಾಗದವನ್ನು ಮಾರುಕಟ್ಟೆಗೆ ತಂದಾಗ, ಅದರಲ್ಲಿ ಬಳಸಿದ್ದು ಇದೇ ಕುಲದ ವರ್ಣದ್ರವ್ಯವನ್ನು. ಅಲ್ಲಿ ಎರಡು ವಸ್ತುಗಳನ್ನು ಕೂಡಿಸುತ್ತಿದ್ದುದು ಕಾವಲ್ಲ, ಪೆನ್ನಿನ ಒತ್ತಡ. ಕಾವಿನಿಂದ ಮುದ್ರಿಸುವ ಯಂತ್ರದ ಯಶಸ್ಸು ಜ್ಯಾಕ್ ಕಿಲ್ಬಿಯವರಿಗೆ ಸಲ್ಲುತ್ತದೆ. ೧೯೫೮ರಲ್ಲಿ ಸಂಕಲಿತ ಮಂಡಲವನ್ನು ರಚಿಸಿ, ೨೦೦೦ದಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಕಿಲ್ಬಿಯವರೇ ಇವರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ೧೯೭೧ರಲ್ಲಿ ಹೊರತಂದ ‘ಸೈಲೆಂಟ್ ೭೦೦’ ಎಂಬ ಸದ್ದಿಲ್ಲದ ಯಂತ್ರದಲ್ಲಿ ಈ ಮುದ್ರಣ ಬಳಕೆಗೆ ಬಂದಿತು. ಮೂರು ವರ್ಷಗಳ ಅನಂತರ, ೧೯೭೪ರ ಜೂನ್ ೨೬ರಂದು, ಒಹಾಯೋ ಪ್ರಾಂತದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದರ ಮೇಲಿದ್ದ ಯುಪಿಸಿ ಬಾರ್‌ಕೋಡನ್ನು ಯಂತ್ರವು ಮೊದಲ ಬಾರಿಗೆ ಓದಿತು. ಮುಂದೆ ಈ ಎರಡು ಧಾರೆಗಳೂ ಕೂಡಿದ್ದರ ಫಲವೇ ಇಂದಿನ ಪಾರ್ಸೆಲ್ ಲೇಬಲ್.

ಈಗ ಮುಖ್ಯವಾದ ಮಾತಿಗೆ ಬರೋಣ. ಮಸಿಯ ಬರಹವು ಕಾಗದದ ಮೇಲೆ ಹೊರಗಿನಿಂದ ಬಂದು ಕುಳಿತ ವಸ್ತು. ಉಷ್ಣಮುದ್ರಣದ ಬರಹ ಹಾಗಲ್ಲ. ಅದು ಅಣುಗಳ ಒಂದು ಸ್ಥಿತಿ. ಬಿಚ್ಚಿದ ಉಂಗುರ ಮತ್ತೆ ಮುಚ್ಚಿಕೊಂಡರೆ ಅಕ್ಷರ ಮಾಯವಾಗುತ್ತದೆ. ಮುಚ್ಚಿರಬೇಕಾದುವು ಬಿಚ್ಚಿಕೊಂಡರೆ ಬಿಳಿಯ ನೆಲವೆಲ್ಲ ಕಪ್ಪಾಗುತ್ತದೆ. ಎರಡರಲ್ಲಿ ಯಾವುದು ಆದರೂ ಪಾರ್ಸೆಲಿಗೆ ಊರಿಲ್ಲ.

ನೆಲ ಕಪ್ಪಾಗುವುದಕ್ಕೆ ಕಾವು ಕಾರಣ. ಸಾಮಾನ್ಯ ಕಾಗದಗಳು, ಅವುಗಳ ಬಗೆಯನ್ನನುಸರಿಸಿ, ೬೦ರಿಂದ ೭೦ ಡಿಗ್ರಿಯ ನಡುವೆ ಮಾಸಲಾರಂಭಿಸುತ್ತವೆ. ನೆಲಮಂಗಲದಲ್ಲಿ ಲೇಬಲ್ ಹಚ್ಚಿದ ಪೆಟ್ಟಿಗೆ ಮೇ ತಿಂಗಳಿನಲ್ಲಿ ಕಲಬುರಗಿಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಅಲ್ಲಿ ನೆರಳಿನ ಉಷ್ಣತೆಯೇ ೪೦ನ್ನು ದಾಟುವ ದಿನಗಳು ಅಪರೂಪವಲ್ಲ. ಬಿಸಿಲಿನಲ್ಲಿ ನಿಂತ ಮುಚ್ಚಿದ ಲಾರಿಯಲ್ಲಿ, ತಗಡಿನ ಚಾವಣಿಗೆ ಹತ್ತಿದಂತಿರುವ ಪೆಟ್ಟಿಗೆಯ ಮೇಲ್ಮೈ ೬೦ರ ನೆರೆಗೆ ಏರುವುದು ಅಸಂಭವವೇನೂ ಅಲ್ಲ. ಮನುಷ್ಯನ ಕಣ್ಣು ಮಾಸಿದ ನೆಲದ ಮೇಲೆಯೂ ವಿಳಾಸವನ್ನು ಹೇಗೋ ಓದಿಕೊಳ್ಳುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ಕೆಂಪು ಬೆಳಕನ್ನು ಚೆಲ್ಲಿ, ಕಪ್ಪು ಪಟ್ಟೆಗೂ ಬಿಳಿಯ ಸಂದಿಗೂ ಇರುವ ವ್ಯತ್ಯಾಸವನ್ನಷ್ಟೇ ಅಳೆಯುತ್ತದೆ.

ಅಕ್ಷರ ಅಳಿಸಿಹೋಗುವುದಕ್ಕೆ ಎಣ್ಣೆ, ಜಿಡ್ಡು, ಹೆಚ್ಚುಕಾಲ ಬಿದ್ದ ಬಿಸಿಲು ಕಾರಣ. ಎಲ್ಲಕ್ಕಿಂತ ಮಿಗಿಲಾಗಿ, ಪಿವಿಸಿ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೆರೆಸುವ ದ್ರವಗಳು ಕಾರಣ. ಇವು ಲೇಪದೊಳಗೆ ಇಳಿದು ಆಮ್ಲವನ್ನು ವರ್ಣದ್ರವ್ಯದಿಂದ ಅಗಲಿಸುತ್ತವೆ. ಲೇಬಲ್ ಭದ್ರವಾಗಿರಲೆಂದು ಅದರ ಮೇಲೆಯೇ ಪಾರದರ್ಶಕ ಟೇಪನ್ನು ಎಳೆಯುವ ಅಭ್ಯಾಸ ನಮ್ಮಲ್ಲಿ ಸಾರ್ವತ್ರಿಕವಾಗಿದೆ. ಟೇಪಿನ ಅಂಟು ಬರಹವನ್ನು ಮಾಸಿಸಬಲ್ಲುದು. ಟೇಪಿನ ಹೊಳಪು ಯಂತ್ರದ ಬೆಳಕನ್ನು ಅಡ್ಡದಾರಿಗೆ ತಿರುಗಿಸಬಲ್ಲುದು. ಕಾಪಾಡಲು ಹೊರಟ ಕೈಯೇ ಕೆಡಿಸಿತು. ಇದಕ್ಕೆ ವಿರುದ್ಧವಾಗಿ, ಕೈ ತೊಳೆಯುವ ಸ್ಯಾನಿಟೈಸರಿನ ಹನಿಯೊಂದು ಬರಹವಿಲ್ಲದ ಜಾಗದ ಮೇಲೆ ಬಿದ್ದರೆ ಆ ಜಾಗ ಕಪ್ಪಾಗುತ್ತದೆ; ಅದರಲ್ಲಿರುವ ಆಲ್ಕೋಹಾಲು ಎರಡು ಬಗೆಯ ಕಣಗಳನ್ನೂ ಕರಗಿಸಿ, ಕಾವಿಲ್ಲದೆಯೇ ಕೂಡಿಸಿಬಿಡುತ್ತದೆ. ತರಗತಿಯಲ್ಲಿ ಎರಡು ನಿಮಿಷದಲ್ಲಿ ತೋರಿಸಬಹುದಾದ ಪ್ರಯೋಗವಿದು. ಅಂಗಡಿಯ ರಸೀದಿಯೊಂದಿದ್ದರೆ ಸಾಕು.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ವಿಭಾಗದ ಉಗ್ರಾಣದಲ್ಲಿ ಮಣ್ಣಿನ ಮತ್ತು ನೀರಿನ ಮಾದರಿಗಳನ್ನು ಸೀಸೆಗಳಲ್ಲಿ ತುಂಬಿಡುವುದುಂಟು. ಕೈಬರಹದ ಚೀಟಿಗಳು ಅಂದವಾಗಿಲ್ಲವೆಂದು ಅವನ್ನು ತೆಗೆಸಿ, ಹೊಸದಾಗಿ ಬಂದ ಉಷ್ಣಮುದ್ರಣದ ಯಂತ್ರದಿಂದ ಚೊಕ್ಕವಾದ ಲೇಬಲುಗಳನ್ನು ಹಚ್ಚಿಸಿದೆವು. ಎರಡನೆಯ ಬೇಸಿಗೆ ಕಳೆಯುವ ಹೊತ್ತಿಗೆ ಕಿಟಕಿಯ ಪಕ್ಕದ ಬೀರುವಿನಲ್ಲಿದ್ದ ಸೀಸೆಗಳ ಮೇಲೆ ಬರಹವೇ ಉಳಿದಿರಲಿಲ್ಲ. ಆಲ್ಕೋಹಾಲಿನ ಸೀಸೆಗಳ ನೆರೆಯಲ್ಲಿದ್ದುವು ಕಂದುಗಪ್ಪಾಗಿ ಕುಳಿತಿದ್ದುವು. ಮಾದರಿಗಳು ಹಾಗೆಯೇ ಇದ್ದುವು. ಯಾವ ಊರಿನ ಯಾವ ಬಾವಿಯದೆಂದು ಹೇಳುವವರು ಮಾತ್ರ ಇರಲಿಲ್ಲ. ವಿದ್ಯಾರ್ಥಿಯೊಬ್ಬರ ಒಂದು ವರ್ಷದ ದುಡಿಮೆ ಅದರಲ್ಲಿ ಹೋಯಿತು. ಯಂತ್ರದ್ದಾಗಲಿ ಮಾರಿದವರದ್ದಾಗಲಿ ತಪ್ಪಿರಲಿಲ್ಲ. ವಾರವೊಪ್ಪತ್ತಿನ ಪ್ರಯಾಣಕ್ಕೆಂದು ಹುಟ್ಟಿದ ವಸ್ತುವನ್ನು ಕಾಯಂ ದಾಖಲೆಗೆ ಹಚ್ಚಿದ ತಪ್ಪು ನಮ್ಮದು. ತೆಗೆಸಿದ ಕೈಬರಹದ ಚೀಟಿಗಳನ್ನು ಇಟ್ಟುಕೊಂಡಿದ್ದರಾದರೂ ಆಗುತ್ತಿತ್ತು.

ಆದುದರಿಂದ ಆಯ್ಕೆ ಹೀಗೆ ನಡೆಯಬೇಕು. ಲೇಬಲಿನ ಕೆಲಸ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ, ಮುಗಿಯುವುದಾದರೆ ನೇರ ಉಷ್ಣಮುದ್ರಣವೇ ಯುಕ್ತ. ಅದಕ್ಕೆ ಹೆಚ್ಚು ವೆಚ್ಚಮಾಡುವುದು ವ್ಯರ್ಥ. ಪಾರ್ಸೆಲು ಮುಟ್ಟಿದ ಮೇಲೆ ಅದರ ಲೇಬಲು ಬಾಳಿ ಮಾಡಬೇಕಾದ್ದೇನೂ ಇಲ್ಲ. ಆರು ತಿಂಗಳಿನಿಂದ ಒಂದು ವರ್ಷದವರೆಗಿನ ಅವಧಿಯನ್ನು ಇದರ ಮೇರೆಯೆಂದು ಎಣಿಸುವುದು ವಾಡಿಕೆ. ಅದಕ್ಕೆ ಮೀರಿ ಬಾಳಬೇಕಾದ ಗೋದಾಮಿನ ಅಟ್ಟಣೆಯ ಗುರುತು, ಯಂತ್ರೋಪಕರಣದ ಸಂಖ್ಯೆ, ಪ್ರಯೋಗಶಾಲೆಯ ಸೀಸೆ ಇವುಗಳಿಗೆ, ರಿಬ್ಬನ್ನಿನಿಂದ ಮೇಣವನ್ನೋ ರಾಳವನ್ನೋ ಕರಗಿಸಿ ಕಾಗದಕ್ಕೆ ಅಂಟಿಸುವ ಥರ್ಮಲ್ ಟ್ರಾನ್ಸ್‌ಫರ್ ಪದ್ಧತಿಯೇ ತಕ್ಕುದು. ಅಲ್ಲಿ ಬರಹ ಮತ್ತೆ ವಸ್ತುವಾಗುತ್ತದೆ.

ಎರಡಕ್ಕೂ ನಡುವೆ ಒಂದು ಮೆಟ್ಟಿಲಿದೆ. ಲೇಪದ ಮೇಲೆ ಇನ್ನೊಂದು ರಕ್ಷಣೆಯ ಪೊರೆಯನ್ನು ಹೊದಿಸಿದ ಕಾಗದ ದೊರೆಯುತ್ತದೆ. ವರ್ತಕರು ಅದನ್ನು ಟಾಪ್ ಕೋಟೆಡ್ ಎನ್ನುವರು. ಇದು ತೇವ, ಜಿಡ್ಡು, ಉಜ್ಜಾಟಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಕಡೆಗೆ ಹೋಗುವ ಸರಕಿಗೆ ಇದನ್ನು ಬಳಸುವುದು ಲೇಸು. ಕಾವನ್ನು ಮಾತ್ರ ಇದು ತಡೆಯಲಾರದು. ತಡೆದರೆ ಮುದ್ರಣವೇ ಸಾಧ್ಯವಾಗದಷ್ಟೆ. ಅಂಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: ರಟ್ಟಿನ ಪೆಟ್ಟಿಗೆಗೆ ಹಿಡಿಯುವ ಅಂಟು ಶೀತಲಗೃಹದ ಪೆಟ್ಟಿಗೆಗೆ ಹಿಡಿಯದಿರಬಹುದು, ಧೂಳಿನ ಮೇಲೆ ಯಾವ ಅಂಟೂ ಹಿಡಿಯದು.

ಮುದ್ರಣದ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಯಂತ್ರದ ತಲೆಯಲ್ಲಿ ಸಾಲಾಗಿ ಸಣ್ಣ ಸಣ್ಣ ಕಾಯುವ ಬಿಂದುಗಳಿರುತ್ತವೆ. ಸಾಮಾನ್ಯ ಯಂತ್ರದಲ್ಲಿ ಒಂದು ಮಿಲಿಮೀಟರಿಗೆ ೮ ಬಿಂದುಗಳು, ಅಂದರೆ ಅಂಗುಲಕ್ಕೆ ೨೦೩. ಕಾಗದ ಸೆಕೆಂಡಿಗೆ ೧೫೦ ಮಿಲಿಮೀಟರ್ ವೇಗದಲ್ಲಿ ಸರಿದರೆ, ಪ್ರತಿ ಸಾಲಿಗೂ ದೊರೆಯುವ ಕಾಲ ಸೆಕೆಂಡಿನ ೧೨೦೦ರಲ್ಲಿ ಒಂದು ಪಾಲು. ಇದರಿಂದ ಎರಡು ಮಾತು ಹೊರಡುತ್ತವೆ. ಬಾರ್‌ಕೋಡಿನ ಅತಿ ಸಣ್ಣ ಪಟ್ಟೆಯ ಅಗಲ ಪೂರ್ಣ ಬಿಂದುಗಳ ಲೆಕ್ಕಕ್ಕೆ ಬರಬೇಕು. ಸರಕು ಸಾಗಣೆಯ ಜಿಎಸ್‌೧ ಲೇಬಲಿನಲ್ಲಿ ಈ ಅಗಲ ೦.೪೯೫ ಮಿಲಿಮೀಟರಿಗೆ ಕಡಮೆಯಾಗಬಾರದೆಂಬ ನಿಯಮವುಂಟು. ನಾಲ್ಕು ಬಿಂದುಗಳು ಸೇರಿದರೆ ೦.೫ ಆಗುವುದರಿಂದ ಲೆಕ್ಕ ಸರಿಹೋಗುತ್ತದೆ. ಆದರೆ ಗುಮಾಸ್ತರು ಲೇಬಲಿನ ಚಿತ್ರ ಕಾಗದದಲ್ಲಿ ಹಿಡಿಸಲೆಂದು ಅದನ್ನು ನೂರಕ್ಕೆ ತೊಂಬತ್ತಕ್ಕೆ ಇಳಿಸಿದರೆ, ಪಟ್ಟೆಗೆ ಮೂರೂವರೆಗಿಂತ ತುಸು ಹೆಚ್ಚು ಬಿಂದುಗಳ ಅಗಲ ಬರುತ್ತದೆ. ಅರೆಬಿಂದುವನ್ನು ಯಂತ್ರ ಮುದ್ರಿಸಲಾರದು. ಒಂದು ಪಟ್ಟೆ ಮೂರಾಗಿ, ಇನ್ನೊಂದು ನಾಲ್ಕಾಗಿ ಕೋಡು ಕೆಡುತ್ತದೆ. ಓದದ ಲೇಬಲುಗಳನ್ನು ನಮ್ಮಲ್ಲಿ ತಂದು ತೋರಿಸಿದವರಲ್ಲಿ ಹಲವರು ಕಾಗದವನ್ನು ದೂರಿದರು. ದೋಷ ಈ ಇಳಿಸುವಿಕೆಯಲ್ಲಿತ್ತು.

ಎರಡನೆಯದು ಕಾವಿನ ಪ್ರಮಾಣ. ಬರಹ ಗಾಢವಾಗಲೆಂದು ಕಾವನ್ನು ಏರಿಸಿದರೆ ಪಟ್ಟೆಗಳು ಊದಿಕೊಂಡು ಸಂದಿಗಳನ್ನು ನುಂಗುತ್ತವೆ. ತಲೆಯೂ ಬೇಗ ಸವೆಯುತ್ತದೆ. ಬಾರ್‌ಕೋಡು ಓದಲು ಸಾಕಾಗುವಷ್ಟು ಕಪ್ಪೇ ತಕ್ಕ ಕಪ್ಪು. ಪಟ್ಟೆಗಳ ದಿಕ್ಕನ್ನೂ ನೋಡಬೇಕು. ಅವು ಕಾಗದ ಸರಿಯುವ ದಿಕ್ಕಿನಲ್ಲಿ ಬೇಲಿಯ ಗಳುಗಳಂತೆ ನಿಂತಿದ್ದರೆ ಅಂಚು ಚೊಕ್ಕವಾಗಿ ಬರುತ್ತದೆ. ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿದ್ದರೆ, ಬಿಂದು ಆರುವುದಕ್ಕೆ ಮೊದಲೇ ಕಾಗದ ಸರಿದು ಹಿಂದಿನ ಅಂಚು ಕದಡುತ್ತದೆ. ಆದರೆ ಬೇಲಿಯ ಕ್ರಮದಲ್ಲಿ ಒಂದು ಅಪಾಯವುಂಟು: ತಲೆಯಲ್ಲಿ ಒಂದು ಬಿಂದು ಸತ್ತರೆ, ಪಟ್ಟೆಯೊಂದರ ಉದ್ದಕ್ಕೂ ಬಿಳಿಯ ಗೆರೆ ಬಿದ್ದು, ಯಂತ್ರ ಎಲ್ಲಿ ಓದಿದರೂ ತಪ್ಪುತ್ತದೆ. ಏಣಿಯ ಕ್ರಮದಲ್ಲಿಯಾದರೋ ಆ ಗೆರೆ ಎಲ್ಲ ಪಟ್ಟೆಗಳನ್ನೂ ಒಂದೇ ಕಡೆ ಕತ್ತರಿಸುವುದರಿಂದ, ಅದರ ಅಕ್ಕಪಕ್ಕದಲ್ಲಿ ಓದಿಕೊಳ್ಳಬಹುದು. ಸುರುಳಿ ಬದಲಾಯಿಸಿದಾಗಲೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತಲೆಯನ್ನು ಒರಸಿ, ಅದು ಆರಿದ ಮೇಲೆ ಕಾಗದ ಹಾಕುವುದೊಳ್ಳೆಯದು. ರಿಬ್ಬನ್ನಿನ ಅಡ್ಡಗಟ್ಟಿಲ್ಲದ ಈ ತಲೆಗೆ ಕಾಗದದ ಧೂಳೇ ಅರ.

ಕೊನೆಯದಾಗಿ, ದಿನವೆಲ್ಲ ಈ ಕಾಗದವನ್ನು ಮುಟ್ಟುವವರ ವಿಚಾರ. ಲೇಪದಲ್ಲಿರುವ ಬಿಸ್‌ಫೀನಾಲ್ ಎ ಅಣುಗಳು ಕಾಗದಕ್ಕೆ ಕಟ್ಟುಬಿದ್ದಿರುವುದಿಲ್ಲ. ಬೆರಳಿಗೆ ಹತ್ತಿ ಚರ್ಮದ ಮೂಲಕ ಒಳಕ್ಕೆ ಹೋಗಬಲ್ಲವು. ಅದು ದೇಹದಲ್ಲಿ ಈಸ್ಟ್ರೋಜೆನ್ನಿನಂತೆ ವರ್ತಿಸುವುದರಿಂದ, ಐರೋಪ್ಯ ಒಕ್ಕೂಟವು ೨೦೧೬ರಲ್ಲಿ ನಿಯಮ ಮಾಡಿ, ತೂಕದಲ್ಲಿ ನೂರಕ್ಕೆ ೦.೦೨ ಅಥವಾ ಅದಕ್ಕಿಂತ ಹೆಚ್ಚು ಬಿಸ್‌ಫೀನಾಲ್ ಎ ಇರುವ ಉಷ್ಣಮುದ್ರಣದ ಕಾಗದವನ್ನು ೨೦೨೦ರ ಜನವರಿ ೨ರಿಂದ ಮಾರುಕಟ್ಟೆಗೆ ತರಕೂಡದೆಂದು ವಿಧಿಸಿತು. ಹಲವು ತಯಾರಕರು ಆ ಜಾಗದಲ್ಲಿ ಬಿಸ್‌ಫೀನಾಲ್ ಎಸ್ ಎಂಬ ಅದರ ಹತ್ತಿರದ ನೆಂಟನನ್ನು ತಂದರು. ಅದರ ಮೇಲೆಯೂ ಅದೇ ಬಗೆಯ ಸಂದೇಹಗಳಿವೆ. ಫೀನಾಲುಗಳೇ ಇಲ್ಲದ ಡೆವಲಪರುಗಳೂ ಬಳಕೆಯಲ್ಲಿವೆ. ಹೀಗಿರುವುದರಿಂದ ಸುರುಳಿಯ ಹೊದಿಕೆಯ ಮೇಲೆ ‘ಬಿಪಿಎ ರಹಿತ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ತೃಪ್ತರಾಗದೆ, ಡೆವಲಪರಿನ ಹೆಸರೇನೆಂದು ವರ್ತಕರಿಂದ ಬರಹದಲ್ಲಿ ಕೇಳಿ ಪಡೆಯಬೇಕೆಂದು ನಮ್ಮ ಸೂಚನೆ. ಲೇಬಲ್ ಹಚ್ಚುವ ಹುಡುಗರು ಊಟಕ್ಕೆ ಕೂಡುವ ಮುನ್ನ ಸಾಬೂನಿನಿಂದ ಕೈ ತೊಳೆಯಲಿ. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಿಂದ ಮಾತ್ರ ಸುರುಳಿಯನ್ನು ಮುಟ್ಟದಿರಲಿ, ಅದರಿಂದ ಕಾಗದಕ್ಕೂ ಕೇಡು, ಚರ್ಮದ ಮೂಲಕ ಒಳಗಿಳಿಯುವ ಬಿಸ್‌ಫೀನಾಲೂ ಹೆಚ್ಚು.