ಹಸುಗೂಸಿನ ಕಿವಿ ಪರೀಕ್ಷೆ: ಮೈಸೂರಿಗೂ ಕುಷ್ಟಗಿಗೂ ಏಕೆ ಅಂತರ?

ಪ್ರಶ್ನೆ: ನವಜಾತ ಶಿಶುವಿನ ಶ್ರವಣ ತಪಾಸಣೆ ಎಲ್ಲ ಜಿಲ್ಲೆಗಳಲ್ಲಿ ಒಂದೇ ರೀತಿ ಏಕೆ ನಡೆಯುವುದಿಲ್ಲ?

ಉತ್ತರ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ಮಾತಿನ ತರಬೇತಿ ಎಂಬುದು ಜಗತ್ತಿನ ತಜ್ಞರು ಒಪ್ಪಿರುವ ಕ್ರಮ. ಮೊದಲ ಹಂತದ ಒಎಇ ಪರೀಕ್ಷೆ, ಅಂದರೆ ಒಳಕಿವಿಯಿಂದ ಮರಳುವ ಸೂಕ್ಷ್ಮ ಧ್ವನಿಯನ್ನು ಅಳೆಯುವ ವಿಧಾನ, ಮಗು ಮಲಗಿರುವಾಗಲೇ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನಿಜವಾದ ತೊಡಕಿರುವುದು ಅದರ ನಂತರದ ಹಂತಗಳಲ್ಲಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟುಕಿವುಡನ್ನು ತನ್ನ ಪಟ್ಟಿಗೆ ಸೇರಿಸಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೂ ಶಿಶುಗಳನ್ನು ಗಮನಿಸುವ ಹೊಣೆ ವಹಿಸಿದೆಯಾದರೂ, ಸೀಳುತುಟಿ ಕಣ್ಣಿಗೆ ಬೀಳುವಂತೆ ಕಿವುಡು ಬೀಳುವುದಿಲ್ಲವಾದ್ದರಿಂದ, ಯಂತ್ರವೂ ಅದನ್ನು ಬಳಸಬಲ್ಲ ಶ್ರವಣತಜ್ಞರೂ ಇಲ್ಲದ ಕಡೆ ಅದು ಮಾತು ತಡವಾದಾಗಲಷ್ಟೇ ತಿಳಿಯುತ್ತದೆ. ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದ್ದು, ಪರೀಕ್ಷೆ, ತರಬೇತಿ, ತಾಯಂದಿರಿಗೆ ಮಾರ್ಗದರ್ಶನ ಎಲ್ಲವೂ ಒಂದೇ ಆವರಣದಲ್ಲಿ ದೊರೆಯುತ್ತವೆ. 1997ರಲ್ಲಷ್ಟೇ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳಕ್ಕೆ ಅಂಥ ಪರಂಪರೆಯಿಲ್ಲ. ಯಲಬುರ್ಗಾ, ಕುಷ್ಟಗಿಗಳ ಹಳ್ಳಿಯವರಿಗೆ ಜಿಲ್ಲಾ ಕೇಂದ್ರಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ತಪ್ಪಿದಂತೆ, ಮಾತಿನ ತರಬೇತಿಯೋ ವಾರವಾರವೂ ನಡೆಯಬೇಕಾದದ್ದು.

ಸಾಮಾನ್ಯವಾಗಿ ಅಂಕಿಅಂಶಗಳಲ್ಲಿ ಕಾಣದ ಇನ್ನೆರಡು ಕಾರಣಗಳಿವೆ: ಚೊಚ್ಚಲ ಹೆರಿಗೆ ತವರಿನಲ್ಲಾಗಿ ಬಾಣಂತಿ ಗಂಡನ ಊರಿಗೆ ಮರಳಿದಾಗ ಮಗುವಿನ ದಾಖಲೆ ಹಿಂದೆಯೇ ಉಳಿಯಬಹುದು, ಕುಟುಂಬ ಗುಳೆ ಹೋದರೆ ಮರುಪರೀಕ್ಷೆ ತಪ್ಪುತ್ತದೆ. ಸೋದರಮಾವನ ಅಥವಾ ಅತ್ತೆಯ ಮಕ್ಕಳೊಂದಿಗಿನ ಮದುವೆಗಳು ಆನುವಂಶಿಕ ಕಿವುಡಿನ ಸಂಭವವನ್ನು ಹೆಚ್ಚಿಸುವುದರಿಂದ, ಅವು ರೂಢಿಯಲ್ಲಿರುವ ಈ ಭಾಗದಲ್ಲಿ ತಪಾಸಣೆಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.